ಓಡದ ಕಾರಿಗೆ ಹೊಸ ಆಯಿಲ್

ಗೆಳೆಯರೇ, ನಿಮ್ಮ ಗಾಡಿಯ ಆಯಿಲ್ ಯಾವಾಗ ಬದಲಿಸುತ್ತೀರಿ? ಇಂದು ನಮ್ಮ ಬೀದರಿನ ಮನೆಯಲ್ಲಿ ಇದೇ ಜಗಳ.

ಅಜ್ಜ ಹೈದರಾಬಾದಿನಿಂದ ತಂದಿದ್ದ ಕರಿ ಕಾರು ವರ್ಷವಿಡೀ ಶೆಡ್ಡಿನಲ್ಲೇ ನಿಂತಿರುತ್ತದೆ. "ಗಾಡಿ ಓಡೇ ಇಲ್ಲ, ಆಯಿಲ್ ಯಾಕ್ರಿ ಬದಲಿ?" ಎಂದೆ.

"ನಿಂತರೂ ಆಯಿಲ್ ಹಳೇದಾಗ್ತದ. ವರ್ಷಕ್ಕೊಮ್ಮಿ ತೆಗೀಲೇಬೇಕು," ಎಂದರು ದೊಡ್ಡಪ್ಪ.

ಸರಿ, ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಕಾರಿನಡಿ ತೂರಿದೆ.

"ಏಯ್, ತಣ್ಣಗಿದ್ದಾಗ ಬಿಚ್ಚಿದ್ರ ಹೊಲಸು ತಳದಾಗೇ ಉಳೀತದ. ಮೊದಲ ಅಷ್ಟೂರ ತನಕ ಓಡಿಸಿ ಇಂಜಿನ್ ಬಿಸಿ ಮಾಡಬೇಕು. ಈ ಸಲ ಚಾಲೂ ಆಗ್ಲಿಲ್ಲಂದ್ರ ಮಾರಿಬಿಡ್ತೇನಿ," ಎಂದರು ದೊಡ್ಡಪ್ಪ.

ಮಾರುವ ಮಾತು ಕೇಳಿ ಥಟ್ಟನೆ ಕಾರಿನಡಿಯಿಂದ ಹೊರಬಂದೆ. ದೊಡ್ಡಪ್ಪ ಚಾವಿ ತಿರುಗಿಸಿದರು. ಕಾರು ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದಾಗ ಎದ್ದ ಗುಡುಗಿಗೆ ಶೆಡ್ಡಿನ ತಗಡು ನಡುಗಿತು, ನನ್ನ ಎದೆಯೂ. ಅಜ್ಜ ಕೇಳುತ್ತಿದ್ದ ಸದ್ದು ಇದೇ!

ಹಿಂದಿನ ಸೀಟು ನೋಡಿದರೆ ಪಕ್ಕದ ಮನೆಯ ಖಾಲಾ ಇಸ್ತ್ರಿ ಸೀರೆಯುಟ್ಟು, ಊಟದ ಡಬ್ಬಿ ಹಿಡಿದು ಆಗಲೇ ಕೂತಿದ್ದರು. "ಪ್ರತಿ ವರ್ಷ ಆಯಿಲ್ ಬದಲಿ ದಿನ ನಮ್ಮ ಊಟ ಅಷ್ಟೂರದಾಗೇರಿ," ಎಂದರು.

ಅಷ್ಟೂರಿನ ಸುಲ್ತಾನರ ಗುಮ್ಮಟಗಳ ನೆರಳಿಗೆ ಆ ಕಾರು ಗುರುಗುಡುತ್ತ ಬಂದು ನಿಂತ ಗತ್ತು ನೋಡಿ ಫೋಟೊ ತೆಗೆಯುವುದನ್ನೂ ಮರೆತೆ.

ಮನೆಗೆ ಬಂದು ಬೋಲ್ಟ್ ಬಿಚ್ಚಿದೆವು. ಬಿಸಿ ಆಯಿಲ್ ಎಳೆ ಕಡಿಯದೆ ಇಳಿಯಿತು. ಖಾಲಾ ಖಾಲಿ ಡಬ್ಬಿ ಹಿಡಿದು ನೋಡುತ್ತಿದ್ದರು.

"ಭಾಯಿಸಾಬ್, ಆರು ತಿಂಗಳಿಗೊಮ್ಮಿ ಬದಲಿಸಿದ್ರ ಇಂಜಿನ್‌ಗೆ ಇನ್ನೂ ಛಲೋ ಅಲ್ಲೇನ್ರಿ?"

ದೊಡ್ಡಪ್ಪ ನನ್ನತ್ತ ನೋಡಿದರು.

"ಮೂರು ತಿಂಗಳಿಗೊಮ್ಮಿ ಮಾಡೋಣ್ರಿ," ಎಂದೆ. ಇಂಜಿನ್ನಿನ ಆರೋಗ್ಯ ಮುಖ್ಯ, ನೋಡಿ.