ಹುರುಳಿ ಹರವಿದ ರಸ್ತೆ

ಹಳೇಬೀಡಿನಿಂದ ಬಾಣಾವರಕ್ಕೆ ಹೋಗುವ ರಸ್ತೆ ನಮ್ಮ ಮನೆಯ ಮುಂದೆಯೇ ಇದೆ. ನಾವು ಕಣ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಕಿತ್ತ ಹುರುಳಿ ಗಿಡವನ್ನು ಈಗ ಡಾಂಬರಿನ ಮೇಲೆ ಹರವುತ್ತೇವೆ. ಬಸ್ಸು, ಕಾರುಗಳು ತುಳಿದು ಕಾಳು ಬಿಡಿಸುತ್ತವೆ.

ಕಳೆದ ಸುಗ್ಗಿಯಲ್ಲಿ ನಮ್ಮ ನಾಯಿ ಆ ಹುರುಳಿಯ ಅಂಚಿನಲ್ಲಿ ಬೆಚ್ಚಗೆ ಮಲಗಿತ್ತು. ದೇವಸ್ಥಾನ ನೋಡಿಕೊಂಡು ಬಂದ ಕಾರೊಂದು ಒಂದಿಷ್ಟೂ ನಿಧಾನಿಸದೆ ಅದರ ಮೇಲೆ ಹತ್ತಿ, ಮುಂದೆ ಹೋಗಿ ನಿಂತಿತು. ನನ್ನ ಗಂಡ ಕೂಗುತ್ತ ಓಡಿದರು.

"ಕಣ್ಣು ಕಾಣಾಕಿಲ್ವೇನ್ರೀ? ಮಕ್ಕಳು ಮರಿ ಓಡಾಡೋ ಜಾಗ ಕಣ್ರೀ ಇದು!"

ಕಾರಿನವನು ಇಳಿಯಲೂ ಇಲ್ಲ. "ಗಾಡಿ ಹತ್ತಿಸಲಿ ಅಂತ ತಾನೇ ನೀವು ಹಾಕಿರೋದು?" ಎಂದ.

ಹುರುಳಿಯ ಮಟ್ಟಿಗೆ ಅವನು ಹೇಳಿದ್ದು ನಿಜವೇ. ಅದೇ ನನ್ನ ಮೈಯೆಲ್ಲ ಉರಿಸಿತು.

ನಾಯಿಯನ್ನು ತೆಂಗಿನ ಬುಡದಲ್ಲಿ ಹೂಳಿದೆವು. ಮಾರನೆಯ ದಿನ ಉಳಿದ ಹುರುಳಿಯನ್ನು ಮತ್ತೆ ಅಲ್ಲೇ ಹರವಿದೆವು. ಕೋಲು ಹಿಡಿದು ಬಡಿಯುವ ಕಸುವು ಇಬ್ಬರಲ್ಲೂ ಉಳಿದಿಲ್ಲ. ನಾನು ಮೊರ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಇನ್ನೂ ಅಂಗನವಾಡಿಗೆ ಹೋಗುವ ನಮ್ಮ ಮೊಮ್ಮಗಳು ರಸ್ತೆಯ ಅಂಚಿಗೆ ಬಂದಿದ್ದಳು. ಬರುತ್ತಿದ್ದ ಕಾರು ನಿಧಾನಿಸಲೆಂದು ಎರಡೂ ಕೈ ಎತ್ತಿ ಆಡಿಸುತ್ತಿದ್ದಳು. ನಾನು ಮೊರ ಎಸೆದು ಓಡಿದೆ.

ಕಾರಿನೊಳಗಿದ್ದವರು ನಗುತ್ತ ಅವಳಿಗೆ ಟಾಟಾ ಮಾಡಿ, ಅದೇ ವೇಗದಲ್ಲಿ ಹುರುಳಿಯ ಮೇಲೆ ಹಾದು ಹೋದರು.