ಹಂಸದ ಕ್ಯಾಂಪಸ್ಸಿನಲ್ಲಿ ನುಚ್ಚೆಷ್ಟು?

2007ರ ಏಪ್ರಿಲ್‌ನಲ್ಲಿ ನಾನು ಹೊಸಪೇಟೆಯ ಒಂದು ವಿದೇಶ ಶಿಕ್ಷಣ ಸಲಹಾ ಕಚೇರಿಯಲ್ಲಿ ಸೀನಿಯರ್ ಕೌನ್ಸೆಲರ್ ಆಗಿದ್ದೆ. ವಯಸ್ಸು ಇಪ್ಪತ್ನಾಲ್ಕು. ಜೂನಿಯರ್ ಎಂಬುವರು ಯಾರೂ ಇರಲಿಲ್ಲವಾದ್ದರಿಂದ ಸೀನಿಯರ್ ಆಗುವುದು ಕಷ್ಟವಾಗಲಿಲ್ಲ. ಬಸ್ ನಿಲ್ದಾಣದ ಹತ್ತಿರ, ಒಂದು ಎಸ್‌ಟಿಡಿ ಬೂತಿನ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಕೆಳಗಿನ ರಸ್ತೆಯಲ್ಲಿ ಅದಿರು ಲಾರಿಗಳು ಹಗಲೆಲ್ಲ ಸಾಲುಗಟ್ಟುತ್ತಿದ್ದವು. ಮೇಜಿನ ಮೇಲೆ ಹರಡಿದ ಬ್ರೋಷರ್‌ಗಳ ಹಸಿರು ಹುಲ್ಲುಹಾಸಿನ ಮೇಲೆ ಸಂಡೂರಿನ ಕೆಂಪು ಧೂಳು ಬಂದು ಕೂರುತ್ತಿತ್ತು. ದಿನಕ್ಕೆರಡು ಬಾರಿ ಇಂಗ್ಲೆಂಡನ್ನು ಒರೆಸುವುದೂ ನನ್ನ ಕೆಲಸದ ಭಾಗವಾಗಿತ್ತು.

ಉಳಿದ ಕೆಲಸ ಹೀಗೆ: ವಿದ್ಯಾರ್ಥಿಯ ಅಂಕಪಟ್ಟಿ ನೋಡಿ ವಿಶ್ವವಿದ್ಯಾಲಯಗಳ ಪಟ್ಟಿ ಮಾಡುವುದು, ಅರ್ಜಿ ತುಂಬಿಸುವುದು, ಅಲ್ಲಿಂದ ಆಫರ್ ಲೆಟರ್, ಅಂದರೆ ‘ನಿಮಗೆ ಸೀಟು ಕೊಡುತ್ತೇವೆ, ಇಂಥ ದಿನದೊಳಗೆ ಒಪ್ಪಿಗೆ ತಿಳಿಸಿ’ ಎಂಬ ಪತ್ರ ಬಂದ ಮೇಲೆ ಮನೆಯವರನ್ನು ಒಪ್ಪಿಸುವುದು. ನಾನು ಪಾಸ್‌ಪೋರ್ಟ್ ಮಾಡಿಸಿದವನೇ ಅಲ್ಲ. ನನಗೆ ಗೊತ್ತಿದ್ದ ವಿದೇಶವೆಂದರೆ ಹಂಪಿಯಲ್ಲಿ ಹರಿಗೋಲಿನವನ ಜೊತೆ ಚೌಕಾಸಿ ಮಾಡುತ್ತಿದ್ದ ಪ್ರವಾಸಿಗರು. ಅವರಿಂದ ಕಲಿತ ಇಂಗ್ಲಿಷಿನಲ್ಲಿ ಮೂಗಿನಿಂದ ‘ವೆಲ್‌ಕಮ್ ಟು ಅವರ್ ಕ್ಯಾಂಪಸ್’ ಎಂದರೆ ಸಾಕು, ತಂದೆತಾಯಿಗಳು ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ದನಿ ಅನುಕರಿಸುವುದು ನನಗೆ ಶಾಲೆಯಿಂದ ಅಂಟಿದ ಚಟ. ಹೆಡ್‌ಮಾಸ್ತರರು, ಬಸ್ ಕಂಡಕ್ಟರು, ಪ್ರತಿ ವಾಕ್ಯಕ್ಕೂ ‘ಡೆಫಿನೆಟ್ಲಿ’ ಹಚ್ಚುವ ನಮ್ಮ ಮಾಲೀಕರು, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದೆಂದು ಕೇಳಿದ್ದರೆ ಕೊಂಚ ಯೋಚಿಸಬೇಕಾಗುತ್ತಿತ್ತು.

ಆ ತಿಂಗಳು ನನ್ನ ಮುಂದಿದ್ದ ಕೇಸು ಗಾದಿಗನೂರಿನ ಶೈಲಜಾಳದು. ಬಿ.ಎಸ್ಸಿ. ಕೊನೆಯ ವರ್ಷ. ಎಂ.ಎಸ್ಸಿ.ಗೆ ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳಿಂದ ಆಫರ್ ಬಂದಿತ್ತು. ಬಹುತೇಕ ಹುಡುಗರು ರ‍್ಯಾಂಕಿಂಗ್ ಕೇಳುತ್ತಿದ್ದರು, ತಂದೆಯರು ನೌಕರಿ ಕೇಳುತ್ತಿದ್ದರು. ಇವಳು ಕೇಳಿದ್ದೇ ಬೇರೆ.

“ಸರ್, ಅಲ್ಲಿ ಸಂಜಿ ಏಳಕ್ಕ ಕಾಲೇಜಿನ್ಯಾಗ ಏನ್ ನಡೀತಿರ್ತೈತಿ?”

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಲಾರಿಗಳ ನಡುವೆ ಸಿಕ್ಕಿಕೊಂಡರೆ ಬಸ್ಸು ಯಾವಾಗ ಊರು ಮುಟ್ಟುತ್ತದೋ ಹೇಳುವಂತಿಲ್ಲ. ಹಾಗಾಗಿ ಮೂರು ವರ್ಷವೂ ಅವಳು ನಾಲ್ಕೂಕಾಲರ ಬಸ್ಸಿಗೇ ಹೊರಟಳು. ವಾಲಿಬಾಲ್, ನಾಟಕದ ತಾಲೀಮು, ಗೆಳತಿಯರ ಹರಟೆ, ಎಲ್ಲ ಶುರುವಾಗುತ್ತಿದ್ದದ್ದು ಆ ಬಸ್ಸು ಹೋದ ಮೇಲೆ. “ಮೂರು ಕಾಲೇಜ್ ಡೇ ಆದ್ವು ಸರ್. ಒಂದು ನಾಟಕದ್ದೂ ಕೊನಿ ನೋಡಿಲ್ಲ ನಾನು. ಯಾರ್ ಸತ್ರು, ಯಾರ್ ಮದಿವಿ ಆದ್ರು, ಮರುದಿನ ಕೇಳಿ ತಿಳ್ಕೊಂಡೀನಿ.” ಅವಳು ನಗುತ್ತಲೇ ಹೇಳಿದಳು. ಆದರೆ ಅವಳಿಗೆ ಬೇಕಾಗಿದ್ದದ್ದು ಅದೊಂದೇ ಎಂಬುದು ನನಗೂ ಗೊತ್ತಾಯಿತು: ಬಸ್ಸು ಹಿಡಿಯಬೇಕಿಲ್ಲದ ಒಂದು ವರ್ಷ.

ಎರಡು ಆಫರ್‌ಗಳಲ್ಲಿ ಒಂದರ ಬ್ರೋಷರ್ ಮದುವೆಯ ಆಲ್ಬಮ್ಮಿನಷ್ಟು ದಪ್ಪ. ಮುಖಪುಟದಲ್ಲಿ ಕೆರೆ, ಕೆರೆಯಲ್ಲಿ ಎರಡು ಹಂಸ, ದಡದಲ್ಲಿ ಹಲ್ಲು ಬಿಟ್ಟು ನಗುವ ವಿದ್ಯಾರ್ಥಿಗಳು. ಇನ್ನೊಂದು ಸಮುದ್ರದಂಚಿನ ಸಣ್ಣ ಊರಿನದು. ಎರಡು ಹಾಳೆ, ಮಬ್ಬು ಫೋಟೊ, ಅದರೊಳಗೆ ಯಾಕೋ ಏನೋ ಒಂದು ಕುರಿ. ಹಂಸದವರ ಜೊತೆ ನಮ್ಮ ಕಚೇರಿಗೆ ಕಮಿಷನ್ನಿನ ಒಪ್ಪಂದವಿತ್ತು, ಕುರಿಯವರ ಜೊತೆ ಇರಲಿಲ್ಲ. ನಾನು ಯಾವುದನ್ನು ಹೊಗಳಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎರಡಕ್ಕೂ ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು.

ಶೈಲಜಾಳ ತಂದೆ ಮೃದು ಮನುಷ್ಯ. “ನಮ್ಮಕ್ಕ ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ” ಎಂದುಬಿಟ್ಟರು. ಸೋಮವಾರ ಆ ಅಕ್ಕ ಬಂದರು. ಹೆಸರು ಗಂಗಮ್ಮ, ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವವರು. ಯಾವುದೋ ವ್ಯಾಪಾರ ಮುಗಿಸಿಕೊಂಡು ನೇರ ಬಂದಿದ್ದರು. ಕೈಚೀಲದಿಂದ ಮೊನಚು ತುದಿಯ ಕಬ್ಬಿಣದ ಕೊಳವೆಯೊಂದು ಇಣುಕುತ್ತಿತ್ತು. ಅಕ್ಕಿ ಕೊಳ್ಳುವವರು ಚೀಲದ ಬಾಯಿ ಬಿಚ್ಚದೆ, ಹೊಟ್ಟೆಗೆ ಇದನ್ನು ಚುಚ್ಚಿ ಒಳಗಿನ ಕಾಳು ತೆಗೆದು ನೋಡುತ್ತಾರೆ. ವಾತಾವರಣ ತಿಳಿಯಾಗಲೆಂದು ನಾನು ಮಾಲೀಕರ ‘ಡೆಫಿನೆಟ್ಲಿ’ ಅನುಕರಿಸಿ ತೋರಿಸಿದೆ. ಗಂಗಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಹಂಸದ ಮೇಲೆ ಬೆರಳಿಟ್ಟರು.

“ಇದು ಚೀಲದ ಬಾಯಿ ಆತು. ಬಾಯಿಗೆ ಎಲ್ಲಾರೂ ಚಲೋ ಅಕ್ಕೀನ ಹಾಕ್ತಾರ. ಒಳಗಿಂದು ತೋರಸ್ರಿ.”

“ಒಳಗಿಂದು ಅಂದ್ರೆ?”

“ಅಲ್ಲಿ ಓದಾಕತ್ತಿರೋ ಒಂದು ಹೆಣ್ಣುಮಗಳ ಜೋಡಿ ಮಾತಾಡಸ್ರಿ. ನಾ ಎರಡು ಮಾತು ಕೇಳ್ತೀನಿ. ಬುಧವಾರ ಬರ್ತೀನಿ.”

ಹಂಸದವರ ಕಚೇರಿಗೆ ಇ-ಮೇಲ್ ಕಳಿಸಿದೆ. ‘ನಿಮ್ಮ ಪತ್ರ ತಲುಪಿದೆ, ಹತ್ತು ದಿನದೊಳಗೆ ಉತ್ತರಿಸುತ್ತೇವೆ’ ಎಂದು ಕಂಪ್ಯೂಟರೇ ಉತ್ತರ ಬರೆಯಿತು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಗಂಗಮ್ಮ, ಶೈಲಜಾ ಬಂದು ಕೂತರು. ಆಗ ನಾನು ನನ್ನ ವೃತ್ತಿಜೀವನದ ಅತ್ಯಂತ ದಡ್ಡ ಕೆಲಸ ಮಾಡಿದೆ. “ಈಗ ಫೋನ್ ಬರುತ್ತೆ ಅಮ್ಮಾ, ಬಳ್ಳಾರಿಯ ದೀಪಾ ಅಂತ, ಅಲ್ಲೇ ಓದ್ತಿರೋ ಹುಡುಗಿ. ನಾನು ಬ್ಯಾಂಕಿಗೆ ಹೋಗಿ ಬರ್ತೀನಿ” ಎಂದು ಹೇಳಿ ಮೆಟ್ಟಿಲಿಳಿದು ಎಸ್‌ಟಿಡಿ ಬೂತಿಗೆ ಹೊಕ್ಕೆ. ಗಾಜಿನ ಬಾಗಿಲು ಮುಚ್ಚಿ, ಮೂಗು ಹಿಡಿದು, ನಮ್ಮದೇ ಕಚೇರಿಯ ನಂಬರ್ ಒತ್ತಿದೆ.

ಕಾಲೇಜು ನಾಟಕಗಳಲ್ಲಿ ಮೂರು ಸಲ ನಾಯಕಿಯಾಗಿದ್ದವನಿಗೆ ಹೆಣ್ಣುದನಿ ಯಾವ ಲೆಕ್ಕ? ಇಂಗ್ಲೆಂಡಿನಲ್ಲಿನ್ನೂ ಬೆಳಗಿನ ಆರೂವರೆ ಎಂಬುದನ್ನೂ ಮರೆಯದೆ ಒಂದು ಆಕಳಿಕೆ ಸೇರಿಸಿದೆ. ಗಂಗಮ್ಮ ನಿಧಾನಕ್ಕೆ ಕೇಳಿದರು.

“ಊಟ ಹೆಂಗವ್ವಾ?”

“ಮಸ್ತ್ ಐತ್ರಿ ಆಂಟಿ.”

“ಮೈಯಾಗ ಹುಷಾರಿಲ್ಲಂದ್ರ?”

“ಡಾಕ್ಟರ್ ರೂಮಿಗೇ ಬರ್ತಾರ್ರಿ.”

“ಬ್ಯಾಸರ ಆಗಂಗಿಲ್ಲೇನು?”

“ಇಲ್ಲವೇ ಇಲ್ರಿ! ಸಂಜಿ ಹಂಸ ನೋಡ್ಕೊಂತ ಕುಂತ್ರ ಟೈಮ್ ಹೋಗಿದ್ದ ಗೊತ್ತಾಗಲ್ರಿ.”

“ಚಲೋ ಆತವ್ವಾ” ಎಂದು ಅವರು ಫೋನಿಟ್ಟರು. ನಾನು ಹತ್ತು ನಿಮಿಷ ತಡೆದು, ಬ್ಯಾಂಕಿನಿಂದ ಬಂದವರ ಹಾಗೆ ಹಣೆ ಒರೆಸಿಕೊಳ್ಳುತ್ತ ಮೇಲೆ ಹೋದೆ. ಗಂಗಮ್ಮ ತಲೆಯೆತ್ತಿ ನೋಡಿದರು.

“ಬರ್ರಿ ದೀಪಾ. ಕುಂದ್ರಿ.”

ಶೈಲಜಾ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದಳು. ನನಗೆ ಕೂರುವುದೋ ಓಡುವುದೋ ತಿಳಿಯಲಿಲ್ಲ. ಕೂತೆ.

“ಹೆಂಗ ಗೊತ್ತಾತು ಅಮ್ಮಾ?” ಎಂದೆ. ಕ್ಷಮೆ ಕೇಳುವ ಮೊದಲು ಇದನ್ನು ಕೇಳಿದೆನೆಂಬುದೇ ನನ್ನ ಯೋಗ್ಯತೆಗೆ ಸಾಕ್ಷಿ.

“ದನಿ ಏನೂ ತಪ್ಪಿಲ್ರಿ, ಭಾಳ ಚಲೋ ತೆಗದ್ರಿ. ಆದ್ರ ನುಚ್ಚಾ ಇರಲಿಲ್ಲ ನೋಡ್ರಿ. ನಾ ಇಷ್ಟು ವರ್ಷದಾಗ ನುಚ್ಚಿಲ್ಲದ ಚೀಲ ನೋಡಿಲ್ಲ. ನೂರು ಕಾಳಿಗೆ ಇಷ್ಟು ಮುರುಕಲು ಐತ್ರಿ ಅಂತ ತಾನಾ ಹೇಳ್ತಾನಲ್ಲ, ಅವ್ನ ಹಂತ್ಯಾಕ ನಾ ಕಣ್ಣು ಮುಚ್ಚಿ ವ್ಯಾಪಾರ ಮಾಡ್ತೀನಿ. ಒಂದೂ ಇಲ್ಲ ಅಂದ್ರ ಎದ್ದು ಬರ್ತೀನಿ. ಈಕಿ ನಮ್ಮನಿಗೆ ಮೂರು ದಿನಕ್ಕ ಬಂದ್ರ ಮೂವತ್ತು ತಕರಾರು ತಗೀತಾಳ. ಆ ಹುಡುಗಿ ಅಷ್ಟು ದೂರ ಹೋಗಿ ಒಂದೂ ತಗೀಲಿಲ್ಲ ಅಂದ್ರ, ಆ ಹುಡುಗೀನ ಇಲ್ಲ. ಮತ್ತ ಇಲ್ಲಿ ದನಿ ತಗಿಯೋರು ನೀವೊಬ್ರ ಅದೀರಿ.”

ಅವರು ಎದ್ದು ಹೋಗಬಹುದಿತ್ತು. ಹೋಗಿದ್ದರೆ ಶೈಲಜಾಳ ವರ್ಷವೂ ಅವರ ಹಿಂದೆಯೇ ಮೆಟ್ಟಿಲಿಳಿಯುತ್ತಿತ್ತು. ಅವಳ ಮುಖದ ನಗು ಆಗಲೇ ಹೋಗಿತ್ತು. ಗಂಗಮ್ಮ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದರು: “ನಾಳಿ ಸಂಜಿತನಾ ಟೈಮ್ ಐತಿ. ಎರಡೂ ಕಡಿಯಿಂದ ಒಬ್ಬೊಬ್ರು ಖರೇ ಹುಡುಗೀರ್ನ ಹಿಡಕೊಂಡ ಬರ್ರಿ. ತಪ್ಪು ಮಾಡೀರಿ, ತಿದ್ದಾಕ ಒಂದಿನ ಕೊಟ್ಟೀನಿ.”

ಆ ಒಂದು ದಿನ ದುಡಿದಷ್ಟು ನಾನು ಅದಕ್ಕೂ ಮೊದಲು ದುಡಿದಿರಲಿಲ್ಲ. ಸೈಬರ್ ಕೆಫೆಯಲ್ಲಿ ಕೂತು ಸ್ನೇಹಜಾಲದ ತಾಣಗಳಲ್ಲಿ ಎರಡೂ ವಿಶ್ವವಿದ್ಯಾಲಯಗಳ ಭಾರತೀಯ ವಿದ್ಯಾರ್ಥಿನಿಯರನ್ನು ಹುಡುಕಿ, ಸಿಕ್ಕ ಸಿಕ್ಕವರಿಗೆ ಬರೆದೆ. ಹೆಚ್ಚಿನವರು ನನ್ನನ್ನು ಪೋಲಿ ಎಂದುಕೊಂಡರು. ಇಬ್ಬರು ನಂಬಿದರು. ಗುರುವಾರ ಸಂಜೆ ಆರಕ್ಕೆ, ಅಂದರೆ ಅಲ್ಲಿ ಮಧ್ಯಾಹ್ನ ಒಂದೂವರೆಗೆ, ಫೋನಿನ ಸ್ಪೀಕರ್ ಒತ್ತಿ ನಾನು ಬಾಯಿ ಮುಚ್ಚಿಕೊಂಡು ಕೂತೆ.

ಹಂಸದ ಕಡೆಯವಳು ಅನಂತಪುರದ ಹುಡುಗಿ. ಗಂಗಮ್ಮ ಅವಳ ಜೊತೆ ತೆಲುಗಿನಲ್ಲೇ ಮಾತಾಡಿದರು. ಓದು ಚೆನ್ನಾಗಿದೆ, ಮೇಷ್ಟ್ರು ಒಳ್ಳೆಯವರು ಎಂದಳು. ನುಚ್ಚೆಷ್ಟು, ಅಂದರೆ ತಕರಾರೆಷ್ಟು ಎಂದು ಕೇಳಿದಾಗ ದನಿ ತಗ್ಗಿಸಿದಳು. ಅವಳ ವಿಭಾಗ ಇರುವುದು ಪೇಟೆ ನಡುವಿನ ಕಟ್ಟಡದಲ್ಲಿ. ಕೆರೆ ಇರುವ ಕ್ಯಾಂಪಸ್ಸೇ ಬೇರೆ, ಅಲ್ಲಿಗೆ ರೈಲು ಹತ್ತಬೇಕು. ಬಂದು ಎಂಟು ತಿಂಗಳಾಯಿತು, ಹಂಸವನ್ನು ಬ್ರೋಷರಿನಲ್ಲಿ ಮಾತ್ರ ನೋಡಿದ್ದಾಳೆ. ಶೈಲಜಾ ಮುಂದೆ ಬಾಗಿ ತನ್ನ ಒಂದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದಳು: ಸಂಜೆ ಏಳಕ್ಕೆ ನೀನು ಎಲ್ಲಿರುತ್ತೀ?

“ರೈಲಿನಲ್ಲಿ,” ಎಂದಳು ಆ ಹುಡುಗಿ. “ರೂಮು ದೂರ. ಎಲ್ಲರೂ ಆರಕ್ಕೇ ಮನೆಗೆ ಹೊರಡುತ್ತಾರೆ.”

ನಾಲ್ಕೂಕಾಲರ ಬಸ್ಸು ಇಂಗ್ಲೆಂಡಿಗೂ ಹೋಗಿ ನಿಂತಿತ್ತು.

ಕುರಿಯ ಕಡೆಯವಳು ಗದಗಿನವಳು. ನುಚ್ಚೆಷ್ಟು ಎಂದು ಕೇಳಿದ್ದೇ ತಡ, ಚೀಲದ ಹೊಲಿಗೆಯೇ ಬಿಚ್ಚಿತು. “ಅಯ್ಯ ಅಕ್ಕಾರ, ಏನ್ ಕೇಳ್ತೀರಿ! ಗಾಳಿ ಅಂದ್ರ ಗಾಳಿ, ಕೊಡಿ ತಿರಗಾಮುರಗಾ ಆಗ್ತದ. ಮೂರ್ಹೊತ್ತೂ ಬಟಾಟಿ. ನಮ್ಮ ರೂಮಿನಾಕಿ ಚೀಸ್ ವಾಸನಿಗೆ ತಲಿ ಸಿಡೀತದ. ಹಾಸ್ಟೆಲ್‌ನ್ಯಾಗ ವಾರಕ್ಕೊಮ್ಮೆ ಬೆಂಕಿ ಗಂಟಿ ಹೊಡೀತದ್ರಿ, ಬೆಂಕೀನ ಇರಂಗಿಲ್ಲ! ಎಲ್ಲಾರೂ ನೈಟಿ ಮ್ಯಾಲೆ ಓಡಿ ಹೋಗಿ ಹುಲ್ಲಿನ್ಯಾಗ ನಿಲ್ಲೂದು. ಮೊನ್ನೆ ಅಲ್ಲೇ ನಿಂತು ಹಾಡಿದ್ವಿ, ಗಂಟಿ ನಿಂತ್ರೂ ಯಾರೂ ಒಳಗ ಹೋಗಲಿಲ್ಲ.”

ಶೈಲಜಾ ಮತ್ತೆ ಕೇಳಿದಳು. “ಅಕ್ಕಾ, ಸಂಜಿ ಏಳಕ್ಕ?”

“ಏಳಕ್ಕ? ಏಳಕ್ಕ ಅಂದ್ರ ಆಗ ಶುರು ಆಗ್ತದ! ನಾಟಕ, ಕುಣಿತ, ಜಗಳ... ತಡಿಯವ್ವಾ, ನನ್ನ ತಾಲೀಮಿಗೆ ಕರಿಯಾಕತ್ತಾರ, ಇವತ್ತ ನಾನ ರಾಣಿ ಪಾರ್ಟು. ಬಂದ್ರ ಉಪ್ಪಿನಕಾಯಿ ತಗೊಂಡ್ ಬಾ.” ಫೋನ್ ಕಟ್ಟಾಯಿತು.

“ಇಷ್ಟು ಬೈದ್ಲು,” ಎಂದರು ಗಂಗಮ್ಮ, “ಬಿಟ್ಟು ಬರ್ತೀನಿ ಅಂತ ಒಂದು ಮಾತು ಅನ್ನಲಿಲ್ಲ. ನಿಂಗ ಹೆಂಗ ಅನಸ್ತೈತಿ ಶೈಲಿ?” ಶೈಲಜಾ ಕುರಿಯ ಎರಡು ಹಾಳೆಯನ್ನು ಮಡಚಿ ಆಗಲೇ ತನ್ನ ಬ್ಯಾಗಿಗೆ ಹಾಕಿಕೊಂಡಿದ್ದಳು.

ಶುಕ್ರವಾರ ಒಪ್ಪಿಗೆ ಕಳಿಸಿದೆವು. ಒಪ್ಪಂದದವರನ್ನು ಬಿಟ್ಟು ಬೇರೆಯವರಿಗೆ ಹುಡುಗಿಯನ್ನು ಕಳಿಸಿದ್ದಕ್ಕೆ ಮಾಲೀಕರು ಡೆಫಿನೆಟ್ಲಿ ಬೈದರು. ಬೈಸಿಕೊಂಡೆ. ಅಂದಿನಿಂದ ನಮ್ಮ ಕಚೇರಿಯ ಅರ್ಜಿ ಫಾರಮ್ಮಿನ ಹಿಂದೆ ಪೆನ್ಸಿಲ್ಲಿನಲ್ಲಿ ಎರಡು ಸಾಲು ಬರೆಯುತ್ತ ಬಂದಿದ್ದೇನೆ: ನುಚ್ಚೆಷ್ಟು? ಸಂಜೆ ಏಳಕ್ಕೆ ಏನು? ಇದಕ್ಕೆ ಉತ್ತರ ಕೊಡಬಲ್ಲ ಒಬ್ಬ ಮನುಷ್ಯ ಸಿಗುವವರೆಗೆ ಯಾವ ಕ್ಯಾಂಪಸ್ಸನ್ನೂ ಹೊಗಳುವುದಿಲ್ಲ. ಸಲಹೆ ಕೊಡುವವನು ತನಗೆ ಗೊತ್ತಿಲ್ಲದ್ದನ್ನು ತುಂಬಿಕೊಡಬಾರದು, ಗೊತ್ತಿರುವವರನ್ನು ಹುಡುಕಿಕೊಡಬೇಕು. ನನಗೆ ಇದನ್ನು ಕಲಿಸಿದ್ದು ವಿಮಾನ ಹತ್ತದ ಕಂಪ್ಲಿಯ ಹೆಣ್ಣುಮಗಳು.

ಅಕ್ಟೋಬರ್‌ನಲ್ಲಿ ಶೈಲಜಾಳ ಇ-ಮೇಲ್ ಬಂತು. ಅತ್ತೆಗೆ ಓದಿ ಹೇಳಿ ಎಂದು ಬರೆದಿದ್ದಳು. ಕಂಪ್ಲಿಗೆ ಫೋನ್ ಮಾಡಿ, ಗಂಟಲು ಸರಿಮಾಡಿಕೊಂಡು, ಅವಳದೇ ದನಿಯಲ್ಲಿ “ಅತ್ತೀ...” ಎಂದು ಶುರು ಮಾಡಿದೆ.

“ಬ್ಯಾಡ್ರಿ,” ಎಂದರು ಗಂಗಮ್ಮ. “ನಿಮ್ಮ ದನಿಯಾಗ ಓದ್ರಿ.”

ಓದಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಗಾಳಿ, ಬಟಾಟಿ, ಒಣಗದ ಬಟ್ಟೆ, ರಾಣಿ ಪಾರ್ಟಿನ ಅಕ್ಕ ಊರಿಗೆ ಹೊರಟುಹೋದದ್ದು, ಉಪ್ಪಿನಕಾಯಿ ಅವಳ ಜೊತೆ ಹೋದದ್ದು, ಹೀಗೆ ಒಂಬತ್ತು ತಕರಾರು. ಆ ಕಡೆ ಗಂಗಮ್ಮ ಒಂದೊಂದಕ್ಕೂ ಹೂಂ ಹೂಂ ಎಂದು ಎಣಿಸುತ್ತಿದ್ದರು. ಹತ್ತನೆಯದು ಅರ್ಧಕ್ಕೇ ನಿಂತಿತ್ತು.

“ಯಾಕ್ರಿ, ಮುಂದ?”

“ಮುಂದೆ ಇಲ್ಲ ಅಮ್ಮಾ. ‘ಏಳಾಯ್ತು, ಹೋಗ್ತೀನಿ’ ಅಂತ ಬರೆದಾಳೆ.”

ಮಿಲ್ಲಿನ ಸದ್ದಿನ ನಡುವೆ ಅವರು ನಕ್ಕಿದ್ದು ಕೇಳಿಸಿತು.

“ಹೋಗ್ಲಿ,” ಎಂದರು ಆಮೇಲೆ. “ಹೋಗ್ಲಿ ಬಿಡ್ರಿ.”