ಪಂಕ್ತಿಭೇದ ಕಲಿತ ಚಿಕ್ಕಬಸವಯ್ಯನವರು

ಕೆಸರೆಯ ಇಂದ್ರಮ್ಮನವರ ಮನೆಯ ಹಿಂದಿನ ಕೋಣೆಗೆ ಚಿಕ್ಕಬಸವಯ್ಯನವರು ಬಾಡಿಗೆಗೆ ಬಂದದ್ದು ೨೦೦೩ರ ಆಷಾಢದಲ್ಲಿ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಆದ್ದರಿಂದ ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಆಟೋದಿಂದ ಇಳಿದದ್ದು ಒಂದು ಟ್ರಂಕು, ಒಂದು ಚಾಪೆ, ಹಣೆತುಂಬ ವಿಭೂತಿ ಧರಿಸಿದ, ಮಂಡಿ ಹಿಡಿದುಕೊಂಡು ನಡೆಯುವ ಒಬ್ಬ ಭಾರಿ ಆಳು.

"ಹಿಂದೆ ಯಾರ್ ಬರ್ತಿದಾರೆ ಅಯ್ನೋರೇ?" ಎಂದು ಇಂದ್ರಮ್ಮ ಕೇಳಿದರು.

"ಯಾರೂ ಇಲ್ಲ ಕಣಮ್ಮ. ಒಬ್ನೇ."

"ಒಂದು ತಿಂಗಳು ತಡೀಬಾರ್ದಿತ್ತೇ? ಆಷಾಢ ಅಲ್ವಾ?"

"ಆಷಾಢ ಎಲ್ಲ ಸಂಸಾರಸ್ಥರಿಗೆ. ನನ್ನನ್ನ ಯಾರು ಕೇಳ್ತಾರೆ ಬುಡಿ."

ಅವರು ತಬ್ಬಲಿಯಾಗಿ ಒಂದು ಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿದವರು. ಅಲ್ಲಿಯೇ ಉಂಡು ಬೆಳೆದು, ಅಲ್ಲಿಯೇ ಅಡಿಗೆಗೆ ನಿಂತು, ಕೂದಲು ನರೆಯುವವರೆಗೂ ಬಡಿಸಿದರು. ನೂರಾರು ಹುಡುಗರು ಸಾಲಾಗಿ ಕುಳಿತಿರುತ್ತಿದ್ದರು. ಎಲ್ಲರ ತಟ್ಟೆಗೂ ಅನ್ನ ಬಿದ್ದ ಮೇಲೆಯೇ ಕೈಹಾಕಬೇಕು. ಒಬ್ಬನಿಗೆ ಬಡಿಸಿ ಪಕ್ಕದವನನ್ನು ಕಾಯಿಸಿದರೆ ಅದು ಪಂಕ್ತಿಭೇದ, ಬಡಿಸುವವನಿಗೆ ಅದಕ್ಕಿಂತ ದೊಡ್ಡ ಪಾಪವಿಲ್ಲ ಎಂದು ಅವರು ನಂಬಿದ್ದರು. ಕೊನೆಯ ಪಂಕ್ತಿಯ ತುದಿಯಲ್ಲಿ ತಾವೂ ಕುಳಿತು ಉಣ್ಣುತ್ತಿದ್ದರು. ಮಂಡಿ ಸೋತು ಕೊಪ್ಪರಿಗೆ ಎತ್ತಲಾಗದಾಗ, ಯಾರಿಗೂ ಭಾರವಾಗಬಾರದೆಂದು ತಾವೇ ಹೊರಟು ಬಂದರು.

ಕೆಸರೆಯಲ್ಲಿ ಅವರಿಗೆ ಊಟವೇ ಕಷ್ಟವಾಯಿತು. ಅನ್ನ, ಸಾರು ಮಾಡಿಕೊಂಡು ಗೋಡೆಯ ಮುಂದೆ ಕುಳಿತರೆ ತುತ್ತು ಗಂಟಲಿನಲ್ಲಿ ಇಳಿಯದು. ಒಂದೆರಡು ಸಲ ಇಂದ್ರಮ್ಮನವರ ಮನೆಯವರನ್ನು ಊಟಕ್ಕೆ ಕರೆದರು. "ನಮ್ದು ಆಯ್ತಲ್ಲ ಅಯ್ನೋರೇ, ಟಿ.ವಿ. ನೋಡ್ಕೊಂಡೇ ಮುಗಿಸ್ಬುಟ್ವಿ" ಎಂಬ ಉತ್ತರ ಬಂತು. ಮಾಡಿದ ಅನ್ನ ಹಸುವಿನ ಪಾಲಾಗತೊಡಗಿತು.

ಹೀಗಿರುವಾಗ, ಬೇಳೆ ತರಲು ದೇವರಾಜ ಮೊಹಲ್ಲಾಕ್ಕೆ ಹೋದ ದಿನ, ಸಿದ್ದು ಎಂಬುವನ ಅಲಂಕಾರ ಮೀನಿನ ಅಂಗಡಿಯಲ್ಲಿ ಆ ಎರಡು ಪ್ರಾಣಿಗಳನ್ನು ಕಂಡರು. ಗೇಣುದ್ದದ ತಿಳಿಗುಲಾಬಿ ಮೈ, ಎಳೆಗೂಸಿನಂಥ ಕೈಕಾಲು, ಕತ್ತಿನ ಎರಡೂ ಕಡೆ ಗರಿಯಂತೆ ಬಿಚ್ಚಿಕೊಂಡ ಕಿವಿರುಗಳು, ನಗುವಂತೆ ತೋರುವ ಬಾಯಿ. ಗಾಜಿನ ಹತ್ತಿರ ಅವರು ಬಗ್ಗಿದೊಡನೆ ಎರಡೂ ಮುಂದೆ ಬಂದು, ಪಕ್ಕಪಕ್ಕದಲ್ಲಿ ನಿಂತು, ಮುಖ ಎತ್ತಿದವು. ಊಟಕ್ಕೆ ಕುಳಿತ ಹುಡುಗರು ಹೀಗೆಯೇ ಮುಖ ಎತ್ತುತ್ತಿದ್ದರು.

"ಆಕ್ಸೊಲಾಟಲ್ ಸ್ವಾಮಿ, ಮೆಕ್ಸಿಕೋ ದೇಶದ್ದು. ಹಲ್ಲಿ ಥರಾ, ಆದ್ರೆ ನೀರಲ್ಲೇ ಇರ್ತವೆ. ನೀರು ತಣ್ಣಗಿರ್ಬೇಕು. ಎರಡನ್ನೂ ಒಟ್ಟಿಗೆ ಇಡ್ತೀರಾ ಅಂದ್ರೆ ಹೊಟ್ಟೆ ತುಂಬಿರ್ಬೇಕು. ಇಲ್ದಿದ್ರೆ ಒಂದರ ಕಾಲು ಒಂದು ಕಚ್ಕೊಂಬುಡ್ತವೆ," ಎಂದ ಸಿದ್ದು.

"ಹೊಟ್ಟೆ ತುಂಬಿಸೋದನ್ನ ನನಗೆ ಹೇಳ್ಕೊಡ್ತೀಯೇನಪ್ಪಾ?"

"ಸರಿ ಹಂಗಾದ್ರೆ. ಎರೆಹುಳ ಹಾಕಿ."

ಚಿಕ್ಕಬಸವಯ್ಯನವರ ಮುಖ ಸಣ್ಣಗಾಯಿತು. ಆದರೂ ತೊಟ್ಟಿಯ ಸಮೇತ ತಂದರು. ಮಾರನೆಯ ದಿನ ಬಚ್ಚಲ ಹಿಂದೆ ಮಣ್ಣು ಕೆದಕುತ್ತಿದ್ದವರನ್ನು ಕಂಡು ಇಂದ್ರಮ್ಮ ಬಿದ್ದು ಬಿದ್ದು ನಕ್ಕರು. "ಕೊರಳಲ್ಲಿ ಲಿಂಗ, ಕೈಯಲ್ಲಿ ಹುಳ! ಮಠದೋರು ನೋಡಿದ್ರೆ ಏನಂತಾರೆ?"

"ಹಸಿದು ಬಂದೋರನ್ನ ಏನ್ ತಿಂತೀಯಾ ಅಂತ ವಿಚಾರಿಸಿ ವಾಪಸ್ ಕಳಿಸೋಕಾಗುತ್ತೇನಮ್ಮ?" ಎಂದರು ಅವರು. ಆದರೂ ಪ್ರತಿ ಸಲವೂ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು.

ತೊಟ್ಟಿಯನ್ನು ನೆಲದ ಮೇಲಿಟ್ಟು, ಅದರ ಪಕ್ಕದಲ್ಲಿ ತಮ್ಮ ತಟ್ಟೆ ಹಾಕಿದರು. ಗಾಜಿನ ಮುಂಭಾಗಕ್ಕೆ ಬಂದು ನಿಂತ ಎರಡಕ್ಕೂ ಒಂದೇ ಜಾಗದಲ್ಲಿ, ಒಂದೇ ಗಳಿಗೆಯಲ್ಲಿ ಹುಳು ಬಿಡುವರು. ಕೈ ತೊಳೆದು ಬಂದು ತಾವೂ ಕಲಸುವರು. ಮೂವರದೂ ಒಂದು ಪಂಕ್ತಿ. ಅನ್ನ ಸಲೀಸಾಗಿ ಇಳಿಯಿತು. ಬೇಸಗೆಯಲ್ಲಿ ತೊಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿ, ನೀರನ್ನು ತಂಪಾಗಿ ಕಾಪಾಡಿದರು. ಅವರ ಮೈ ಮತ್ತೆ ತುಂಬಿಕೊಂಡಿತು.

ಮುಂದಿನ ಮಳೆಗಾಲದಲ್ಲಿ ಒಂದು ದಿನ, ಊಟದ ನಡುವೆಯೇ, ದೊಡ್ಡದು ಬಾಯಿ ಹಾಕಿ ಚಿಕ್ಕದರ ಮುಂಗೈಯನ್ನು ಕತ್ತರಿಸಿಬಿಟ್ಟಿತು. ಹಸಿವೆಯೇ ಕಾರಣವೆಂದು ಚಿಕ್ಕಬಸವಯ್ಯನವರು ಇನ್ನಷ್ಟು ಹುಳು ಹಾಕಿದರು. ವಾರ ಕಳೆಯುವುದರೊಳಗೆ ಕಿವಿರಿನ ಒಂದು ಗರಿಯೂ ಹೋಯಿತು. ಕೈಯಲ್ಲಿದ್ದ ತುತ್ತನ್ನು ಬಿಟ್ಟು, ಅವರು ಆಟೋ ಹಿಡಿದು ದೇವರಾಜ ಮೊಹಲ್ಲಾಕ್ಕೆ ಹೋದರು.

ಸಿದ್ದು ಬಂದು, ಅವರು ಬಡಿಸುವ ಬಗೆಯನ್ನು ನೋಡಿ ಹಣೆ ಚಚ್ಚಿಕೊಂಡ. "ಎರಡಕ್ಕೂ ಒಂದೇ ಕಡೆ ಹಾಕ್ತೀರಲ್ಲ ಸ್ವಾಮಿ! ಇವಕ್ಕೆ ಕಣ್ಣು ಮಂದ. ಬಾಯಿ ಹತ್ರ ಅಲ್ಲಾಡಿದ್ದೆಲ್ಲ ಊಟ ಅಂದ್ಕೋತವೆ. ಒಂದಕ್ಕೆ ಈ ಮೂಲೆಯಲ್ಲಿ ಹಾಕಿ ಮುಗಿಸಿ. ಆಮೇಲೆ ಇನ್ನೊಂದಕ್ಕೆ ಆ ಮೂಲೆಯಲ್ಲಿ."

"ಒಂದು ತಿನ್ನೋವಾಗ ಇನ್ನೊಂದು ನೋಡ್ತಾ ಕೂತಿರ್ಬೇಕಾ? ಪಂಕ್ತಿಭೇದ ಮಾಡು ಅಂತೀಯಾ?"

"ಮಾಡಿ. ಇಲ್ಲ, ಒಂದನ್ನ ನನಗೆ ವಾಪಸ್ ಕೊಟ್ಬುಡಿ. ಕೈ ಹೋದ್ರೆ ಮತ್ತೆ ಬೆಳೆಯುತ್ತೆ. ಕತ್ತು ಹೋದ್ರೆ ಬೆಳೆಯಲ್ಲ."

ಚಿಕ್ಕಬಸವಯ್ಯನವರು ತೊಟ್ಟಿಯ ಮುಂದೆ ಕುಳಿತು ಎರಡನ್ನೂ ನೋಡಿದರು. ಒಂದನ್ನು ಕಳಿಸಿದರೆ ಉಳಿದದ್ದರ ಜೊತೆ ತಾವು ಮೊದಲಿನಂತೆಯೇ ಕುಳಿತು ಉಣ್ಣಬಹುದಿತ್ತು. ಆ ಲೆಕ್ಕ ಅವರಿಗೂ ಹೊಳೆಯದೆ ಇರಲಿಲ್ಲ. ಕೊನೆಗೆ, "ಎರಡೂ ಇರಲಿ" ಎಂದರು.

ಎರಡು ಮೂಲೆಗಳಲ್ಲಿ ಎರಡು ಮಡಕೆಗಳನ್ನು ಮಗ್ಗುಲಾಗಿ ಮಲಗಿಸಿ, ಒಂದೊಂದಕ್ಕೆ ಒಂದೊಂದು ಗೂಡು ಮಾಡಿದರು. ಉದ್ದನೆಯ ಇಕ್ಕಳದಲ್ಲಿ ಹುಳು ಹಿಡಿದು, ಮೊದಲು ಗಾಯಗೊಂಡದ್ದಕ್ಕೆ, ಅದು ನುಂಗಿದ ಮೇಲೆ ಇನ್ನೊಂದಕ್ಕೆ ಕೊಟ್ಟರು. ಕಾಯುತ್ತಿದ್ದದ್ದರ ಕಡೆ ತಿರುಗಿ, "ತಡಿಯಪ್ಪಾ, ತಪ್ಪಾಯ್ತು" ಎನ್ನುವರು. ಚಿವುಟಿದ ದಂಟು ಚಿಗುರಿದಂತೆ, ಆ ಕೈ ಬೆರಳುಗಳ ಸಮೇತ ಮೆಲ್ಲನೆ ಬೆಳೆಯಿತು. ಮತ್ತೆ ಕಚ್ಚಾಟವಾಗಲಿಲ್ಲ.

ಆದರೆ ಅವರ ತಟ್ಟೆಯ ಸದ್ದಾದರೆ, ಗಾಜಿನಾಚೆ ಅವರ ಕೈ ಆಡಿದರೆ, ಎರಡೂ ಗೂಡು ಬಿಟ್ಟು ಬಂದು, ಒಂದರ ಮೈಗೆ ಒಂದು ತಾಗಿ ಬಾಯಿ ತೆರೆಯುತ್ತಿದ್ದವು. ಇನ್ನೊಮ್ಮೆ ಕಚ್ಚಿಕೊಂಡಾವೆಂದು, ಪಕ್ಕದಲ್ಲಿ ಕುಳಿತು ಉಣ್ಣುವುದನ್ನು ಅವರು ಬಿಡಲೇಬೇಕಾಯಿತು.

ಈಗ ೨೦೦೮. ಎರಡೂ ಒಂದೇ ತೊಟ್ಟಿಯಲ್ಲಿ ಸೌಖ್ಯವಾಗಿವೆ. ಚಿಕ್ಕಬಸವಯ್ಯನವರು ಅವಕ್ಕೆ ಬೇರೆ ಬೇರೆಯಾಗಿ ಬಡಿಸಿ, ಸ್ನಾನ ಮಾಡಿ, ತಟ್ಟೆ ತೆಗೆದುಕೊಂಡು ಅಡಿಗೆಮೂಲೆಯ ಕದದ ಮರೆಗೆ ಹೋಗುತ್ತಾರೆ. "ಅದ್ಯಾಕೆ ಅಯ್ನೋರೇ, ಕದ್ದು ತಿನ್ನೋರ ಹಾಗೆ?" ಎಂದು ಇಂದ್ರಮ್ಮ ಈಗಲೂ ಕೇಳುವುದುಂಟು. "ಅವು ನೋಡ್ಬಾರ್ದು ಕಣಮ್ಮ" ಎನ್ನುತ್ತಾರೆ. ಅಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಸದ್ದಾಗದಂತೆ ಅನ್ನ ಕಲಸಿ, ಮಜ್ಜಿಗೆಯ ಜೊತೆಗೆ ಬೇಗ ಬೇಗ ನುಂಗುತ್ತಾರೆ.